ಎಣ್ಣೆಯಲ್ಲಿ ಬಿಚ್ಚಿದ ಕರ್ಚಿಕಾಯಿ

"ಹೃದಯ ತೆರೆದು ಪ್ರಾರ್ಥನಾ ಮಾಡ್ರಿ" ಎಂದು ಪಾಸ್ಟರ್ ಸುನೀಲ ಅವರು ಹೇಳಿ ಕಣ್ಣು ಮುಚ್ಚಿದ್ದೇ ತಡ, ಸುವಾರ್ತವ್ವ ಸೆರಗನ್ನು ತಲೆಯ ಮೇಲೆಳೆದುಕೊಂಡು ಶುರು ಮಾಡಿದಳು. ಬೈಲಹೊಂಗಲದ ಅವಳ ಮನೆಯ ಪಡಸಾಲೆಯಲ್ಲಿ ಅಂದು ಶುಕ್ರವಾರದ ಪ್ರಾರ್ಥನಾ ಕೂಟ. ಎದುರಿಗೆ ಜಮಖಾನೆಯ ಮೇಲೆ ಅವಳ ನೆಗೆಣ್ಣಿ, ಮೈದುನನ ಹೆಂಡತಿ ಶೈಲಜಾ ಕೂತಿದ್ದಳು. ಒಂದೇ ಗೋಡೆಯ ಆಚೀಚೆ ಮನೆಯಿದ್ದರೂ ಕ್ರಿಸ್ಮಸ್ಸಿನಿಂದ ಇಬ್ಬರಿಗೂ ಮಾತಿಲ್ಲ. ಹೀಗೆ ಮಾತು ಬಿಟ್ಟುಕೊಂಡು ಈಸ್ಟರ್ ದಿನ ಚರ್ಚಿನಲ್ಲಿ ರೊಟ್ಟಿ, ದ್ರಾಕ್ಷಾರಸ ಕೊಡುವ ಕರ್ತನ ಭೋಜನಕ್ಕೆ ಮುಂದೆ ಬರಬೇಡಿರೆಂದು ಪಾಸ್ಟರ್ ಮೊನ್ನೆ ಇಬ್ಬರಿಗೂ ಖಡಕ್ಕಾಗಿ ಹೇಳಿದ್ದರು. ಮದುವೆಯಾಗಿ ಬಂದಾಗಿನಿಂದ ಒಂದು ಈಸ್ಟರನ್ನೂ ತಪ್ಪಿಸದ ಸುವಾರ್ತವ್ವನಿಗೆ ಅಂದಿನಿಂದ ಅನ್ನ ರುಚಿಸುತ್ತಿರಲಿಲ್ಲ. ಆದರೆ ಮೊದಲು ಮಾತಾಡುವವರು ಯಾರು? ಹಿರಿಯಳಾದ ತಾನಂತೂ ಅಲ್ಲ.

ಜಗಳದ ಮೂಲ ಕರ್ಚಿಕಾಯಿ. ಹಬ್ಬಕ್ಕೆಂದು ಸುವಾರ್ತವ್ವ ಕರಿದವು ಎಣ್ಣೆಯಲ್ಲೇ ಬಿಚ್ಚಿಕೊಂಡು ಹೂರಣವೆಲ್ಲ ತಳ ಸೇರಿತ್ತು. ಅದನ್ನು ಶೈಲಜಾ ಚರ್ಚಿನ ಅಂಗಳದಲ್ಲಿ ನಾಲ್ಕು ಜನರೆದುರು ಹೇಳಿ ನಕ್ಕಿದ್ದಳು. ಹಿಟ್ಟೇ ಕೆಟ್ಟಿತ್ತು ಎಂದು ಸುವಾರ್ತವ್ವ ಓಣಿಯ ತುಂಬ ಹೇಳಿಕೊಂಡು ಬಂದರೂ ಯಾರೂ ನಂಬಲಿಲ್ಲ.

ಈಗ ಅವಳು ಮಳೆ ಬೆಳೆ, ಸವದತ್ತಿಯ ತಂಗಿಯ ಮೊಣಕಾಲು ನೋವು, ಪಾಸ್ಟರರ ಪದೇ ಪದೇ ಕೆಡುವ ಮೋಟಾರ್ ಸೈಕಲ್ಲು ಎಲ್ಲವನ್ನೂ ದೇವರಿಗೊಪ್ಪಿಸಿ ಅಸಲು ಮಾತಿಗೆ ಬಂದಳು.

"ತಂದೆ, ಮಂದಿ ಮನಿ ಕಡಾಯಿ ಇಣಕಿ ನೋಡೋರನ್ನ ನೀನ ತಿದ್ದಬೇಕಪಾ. ಆಮೆನ್."

ಶೈಲಜಾಳ ಸರದಿ ಬಂತು. ಅವಳು ಉದ್ದಕ್ಕೆ ಎಳೆಯಲಿಲ್ಲ.

"ಸ್ವಾಮಿ, ತಮ್ಮ ತಪ್ಪು ಹಿಟ್ಟಿನ ಮ್ಯಾಲ ಹಾಕೋರನ್ನೂ ನೀನ ತಿದ್ದು. ಆಮೆನ್."

ಪಾಸ್ಟರ್ ಕೆಮ್ಮಿದರು. ಅಷ್ಟರಲ್ಲಿ ಸುವಾರ್ತವ್ವ ಯಾರೂ ಕೇಳದಿದ್ದರೂ ಎರಡನೆಯ ಪ್ರಾರ್ಥನೆಗೆ ಇಳಿದಾಗಿತ್ತು. ಪ್ರಾರ್ಥನೆ ಮಾಡುವವರನ್ನು ನಡುವೆ ತಡೆಯುವ ರೂಢಿಯಿಲ್ಲವಲ್ಲ, ಆ ಧೈರ್ಯ ಅವಳಿಗೆ. ಆ ದಿನದ್ದನ್ನೆಲ್ಲ ದೇವರ ಮುಂದೆ ಮೊದಲಿನಿಂದ ಹೇಳಿ ನ್ಯಾಯ ಕೇಳಿಯೇ ಬಿಡುವುದೆಂದು ಹೊರಟಳು. ನಸುಕಿನಲ್ಲಿ ಎದ್ದದ್ದು, ಕೊಬ್ಬರಿ ತುರಿದದ್ದು, ಬೆಲ್ಲ ಕುಟ್ಟಿದ್ದು ಎಲ್ಲ ಸರಾಗವಾಗಿ ಬಂತು. ಹಿಟ್ಟಿನ ಹತ್ತಿರ ಬಂದಾಗ ಮಾತ್ರ ನಾಲಿಗೆ ತಡವರಿಸಿತು. ಓಣಿಗೆ ಹೇಳಿದ್ದನ್ನೇ ದೇವರಿಗೂ ಹೇಳುವುದು ಹೇಗೆ? ಇವನು ಆ ದಿನ ಅಡುಗೆಮನೆಯಲ್ಲೇ ಇದ್ದನಲ್ಲ! ಸುವಾರ್ತವ್ವನಿಗೆ ನಾಚಿಕೆಯಾಯಿತು.

"ಹಿಟ್ಟು ಚಲೋನ ಇತ್ತಪಾ," ಎಂದಳು ಕಡೆಗೆ, ದನಿ ಇಳಿಸಿ. "ಗ್ವಾಡಿ ಆಚಿಂದ ಕರಿಯೋ ವಾಸನಿ ಬಂತು. ಶೈಲಜಾನಕಿಂತ ಮೊದಲ ನಾ ಓಣ್ಯಾಗ ಹಂಚಬೇಕಂತ ಅವಸರ ಮಾಡಿ, ಅಂಚು ಸರಿಯಾಗಿ ಒತ್ತಲಿಲ್ಲ. ನನಗ ಹೊಟ್ಟಿಕಿಚ್ಚಿತ್ತು."

"ಆಮೆನ್" ಎಂದು ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಜೋರಾಗಿ ಅಂದವಳು ಶೈಲಜಾ. ಸುವಾರ್ತವ್ವನ ಮೈ ಉರಿದುಹೋಯಿತು. ಇನ್ನೇನು ಎದ್ದು ಒಳಗೆ ಹೋಗಬೇಕು, ಅಷ್ಟರಲ್ಲಿ ಶೈಲಜಾಳ ದನಿ ಮತ್ತೆ ಕೇಳಿಸಿತು. ಈ ಸಲ ಅದು ಮೆತ್ತಗಿತ್ತು.

"ಸ್ವಾಮಿ, ಅವತ್ತ ನಾ ಮೊದಲ ಬಿಟ್ಟ ಕರ್ಚಿಕಾಯಿನೂ ಎಣ್ಯಾಗ ಬಿಚ್ಚಿದ್ವು. ನಾ ಯಾರಿಗೂ ಹೇಳಲಿಲ್ಲ. ಅಂಚಿಗೆ ಒಂಚೂರು ಹಾಲು ಹಚ್ಚಿ ಒತ್ತಿದ್ರ ಬಿಚ್ಚೂದಿಲ್ಲಂತ ಅಕ್ಕಾಗ ಹೇಳಪಾ."

ಏಳಲು ಹೊರಟಿದ್ದ ಸುವಾರ್ತವ್ವ ಸೆರಗು ಸರಿಮಾಡಿಕೊಂಡು ಮತ್ತೆ ಕೂತಳು.

"ಎಷ್ಟು ಹಚ್ಚಬೇಕಂತ ಕೇಳು ತಂದೆ."

"ಬೆರಳ ತುದಿ ತೊಯ್ದ್ರ ಸಾಕಂತ ಹೇಳು ಸ್ವಾಮಿ."

"ನಾಳೆ ಬಂದು ತೋರಸಂತ ಹೇಳು."

ಉತ್ತರ ಏನು ಬರುತ್ತದೋ ಎಂದು ಸುವಾರ್ತವ್ವ ಮೆಲ್ಲಗೆ ಒಂದು ಕಣ್ಣು ತೆರೆದಳು. ಶೈಲಜಾ ಆಗಲೇ ಎರಡೂ ಕಣ್ಣು ಬಿಟ್ಟುಕೊಂಡು, ಕೈ ಜೋಡಿಸಿಕೊಂಡೇ, ಇವಳನ್ನು ನೋಡುತ್ತ ಕೂತಿದ್ದಳು. ಕಣ್ಣು ಮುಚ್ಚಿದ್ದವರು ಪಾಸ್ಟರ್ ಒಬ್ಬರೇ.

"ಇನ್ನ ನೀವ ನೀವ ಮಾತಾಡ್ರಿ ಅಕ್ಕಾರ," ಎಂದರು ಅವರು, ಕಣ್ಣು ತೆರೆಯದೆಯೇ. "ದೇವರಿಗೆ ಇನ್ನೂ ನಾಕು ಮನಿಗೆ ಹೋಗೂದೈತಿ."