ಘನತೆಯ ಹಕ್ಕು

ಅಂತರರಾಷ್ಟ್ರೀಯ ಕಾನೂನಿನ ಹೊಸ ಬೆಳವಣಿಗೆಗಳ ಬಗ್ಗೆ ವಕೀಲರ ಸಮ್ಮೇಳನ. "ನಿರಾಶ್ರಿತರಿಗೂ ಘನತೆಯ ಹಕ್ಕಿದೆ" ಎಂದು ಮಾತು ಮುಗಿಸಿದ ಹಿರಿಯ ವಕೀಲರು ಚಪ್ಪಾಳೆಯ ನಡುವೆ ಕುರ್ಚಿಗೆ ಮರಳಿದರು. ವೇದಿಕೆಯ ತುದಿಯಲ್ಲಿ ಕೂತಿದ್ದ ನಿರಾಶ್ರಿತ ಹೆಂಗಸು ಅವರಿಗೆ ಕೈಮುಗಿದಳು. ಅವಳಿಗೆ ಕನ್ನಡ ಬಾರದು. ಮೈಕಿನಲ್ಲಿ ಬಂದ ಮಾತನ್ನೆಲ್ಲ, ಹಿಂದಿನ ಗಾಜಿನ ಕೋಣೆಯಲ್ಲಿದ್ದ ದುಭಾಷಿ ಅವಳ ಭಾಷೆಯಲ್ಲಿ ಹೆಡ್‌ಫೋನಿಗೆ ಮುಟ್ಟಿಸುತ್ತಿದ್ದಳು.

ವಕೀಲರು ಪಕ್ಕದ ಸಂಚಾಲಕರತ್ತ ಬಾಗಿದರು.

"ಫೋಟೋಗೆ ಅವಳನ್ನ ನನ್ನ ಪಕ್ಕ ನಿಲ್ಲಿಸ್ಬೇಡಿ."

"ಯಾಕೆ ಸಾರ್?"

"ಬಟ್ಟೆ ಏನು ಮುಗ್ಗಲು ವಾಸನೆ ರೀ ಅವಳದು."

"ಮೆಲ್ಲಗೆ ಸಾರ್."

"ಅವಳಿಗೆಲ್ಲಿ ಗೊತ್ತಾಗುತ್ತೆ, ಬಿಡಿ."

ಸಂಚಾಲಕರ ಕಣ್ಣು ವಕೀಲರ ಕಾಲರಿಗೆ ಸಿಕ್ಕಿಸಿದ್ದ ಪುಟ್ಟ ಮೈಕಿನ ಮೇಲೆ ನಿಂತಿತು. ಸಭೆಯ ಧ್ವನಿವರ್ಧಕಕ್ಕೆ ಅದರ ಸಂಪರ್ಕ ತಪ್ಪಿಸಿದ್ದರು; ಮೈಕಿನ ಹಸಿರು ದೀಪ ಇನ್ನೂ ಉರಿಯುತ್ತಿತ್ತು.

ಮುಂದಿನ ಮಾತು ಆ ಹೆಂಗಸಿನದು. ಅವಳು ಹೆಡ್‌ಫೋನ್ ತೆಗೆದಿಟ್ಟು, ವಕೀಲರ ಕುರ್ಚಿಯ ಹತ್ತಿರ ಹಾಯದೆ ಸುತ್ತು ಬಳಸಿ ಬಂದು ಮೈಕಿನ ಮುಂದೆ ನಿಂತಳು. ಮೆಲ್ಲಗೆ ಏನೋ ಹೇಳಿದಳು. ಗಾಜಿನ ಹಿಂದೆ ದುಭಾಷಿ ತಲೆ ತಗ್ಗಿಸಿಕೊಂಡೇ ಅದನ್ನು ಇಡೀ ಸಭೆಗೆ ಕನ್ನಡದಲ್ಲಿ ಹೇಳಿದಳು:

"ಕ್ಷಮಿಸಿ ಸಾಹೇಬ್ರೇ. ಇರೋದು ಇದೊಂದೇ, ನಿನ್ನೆ ಒಗೆದದ್ದು ಒಣಗಿರಲಿಲ್ಲ."