ಸಂಸಾರ ಕೂಡಿಸುವವನು

ಹೆಬ್ಬೂರು ದಾಟುವವರೆಗೂ ಏಕಾಂತಯ್ಯ ಮುಂದೆ ಹೋಗುತ್ತಿದ್ದ ಕುಣಿಗಲ್ ಬಸ್ಸನ್ನೇ ದಿಟ್ಟಿಸುತ್ತಿದ್ದ.

"ಸ್ವಲ್ಪ ಹಿಂದೆ ಬಿಡಪ್ಪ ಕಾರನ್ನ. ಕಿಟಕಿ ಪಕ್ಕ ಕೂತವ್ಳೆ. ತಿರುಗಿ ನೋಡುದ್ರೆ ಕಷ್ಟ."

ಅಳಿಯ ರವಿಕಿರಣ್ ವೇಗ ಇಳಿಸಿದ. ಬೆಳಿಗ್ಗೆ ಮಾವ ಫೋನ್ ಮಾಡಿದ್ದೇ ತಡ, ಗುಬ್ಬಿಯಿಂದ ತುಮಕೂರಿಗೆ ಕಾರು ತಂದು ನಿಲ್ಲಿಸಿದ್ದ. ಹೆತ್ತ ಮಗನಿದ್ದರೂ ಇಷ್ಟು ಒದಗುತ್ತಿರಲಿಲ್ಲ ಎಂದುಕೊಂಡ ಏಕಾಂತಯ್ಯ.

ಬಸ್ಸಿನಲ್ಲಿದ್ದವಳು ಅವನ ಹೆಂಡತಿ ನೇತ್ರಾವತಿ. ಮದುವೆಯಾಗಿ ಮೂವತ್ತು ವರ್ಷವಾದ ಮೇಲೆ ಅವಳು ತನ್ನನ್ನು ಬಿಟ್ಟುಹೋಗಲು ಹೊರಟಿದ್ದಾಳೆ ಎಂಬುದರಲ್ಲಿ ಅವನಿಗೆ ಅನುಮಾನ ಉಳಿದಿರಲಿಲ್ಲ.

ಹೋದ ವಾರ ತುಮಕೂರಿನ ಸದಾಶಿವನಗರದ ಗಿರಾಕಿಯೊಬ್ಬರ ಮನೆಗೆ ಹೋಗಿ ಬರುವಾಗ, ವಕೀಲರ ಆಫೀಸಿನ ಮೆಟ್ಟಿಲು ಇಳಿಯುತ್ತಿದ್ದ ಅವಳನ್ನು ಕಂಡಿದ್ದ. ಬೋರ್ಡಿನ ಮೇಲೆ ವಿಚ್ಛೇದನ, ಜೀವನಾಂಶ ಎಂದು ದಪ್ಪ ಅಕ್ಷರದಲ್ಲಿತ್ತು. ಮನೆಗೆ ಬಂದು ಕೇಳಿದರೆ ದೇವಸ್ಥಾನಕ್ಕೆ ಹೋಗಿದ್ದೆ ಎಂದಳು. ಅಂದಿನಿಂದ ಕಣ್ಣಿಟ್ಟ. ಅವಳು ಕ್ಯಾರಿಯರ್‌ಗೆ ಊಟ ತುಂಬಿಕೊಂಡು ಎಲ್ಲಿಗೋ ಹೋಗುತ್ತಿದ್ದಳು. ಸಂಜೆ ಬರುವಾಗ ಕ್ಯಾರಿಯರ್ ಖಾಲಿ. ಒಮ್ಮೆ ಹಿತ್ತಿಲಲ್ಲಿ ನಿಂತು ಫೋನಿನಲ್ಲಿ ಪಿಸುಗುಟ್ಟುತ್ತಿದ್ದುದು ಕಿವಿಗೆ ಬಿತ್ತು. "ಇವ್ರಿಗೆ ಗೊತ್ತಾಗ್ಬಾರ್ದು. ಗೊತ್ತಾದ್ರೆ ಎಲ್ಲಾ ಕೆಡಿಸ್ತಾರೆ."

ಅವಮಾನಕ್ಕೆ ಅವನ ಮೈಯೆಲ್ಲ ಉರಿದಿತ್ತು. ಉಪ್ಪಾರಹಳ್ಳಿಯಲ್ಲಿ ಅವನ ಪಾತ್ರೆ ಅಂಗಡಿಯ ಬೆಂಚು ಎಂದರೆ ಅರ್ಧ ಕೋರ್ಟು. ಕಿತ್ತಾಡಿಕೊಂಡ ಗಂಡ ಹೆಂಡಿರನ್ನು ನೆಂಟರು ಅಲ್ಲಿಗೆ ಕರೆತರುತ್ತಿದ್ದರು. ಏಕಾಂತಯ್ಯ ಇಬ್ಬರನ್ನೂ ಗದರಿಸಿ, ಹೊಂದಿಕೊಂಡು ಹೋಗಿ ಎಂದು ಬುದ್ಧಿ ಹೇಳಿ, ಒಂದೇ ತಟ್ಟೆ ಇಡ್ಲಿ ತರಿಸಿ ಇಬ್ಬರಿಗೂ ಅದರಲ್ಲೇ ತಿನ್ನಿಸಿ ಕಳಿಸುತ್ತಿದ್ದ. ಹಾಗೆ ತಿಂದು ಹೋದವರು ಮತ್ತೆ ಬೇರೆಯಾದದ್ದನ್ನು ಅವನು ಕೇಳಿರಲಿಲ್ಲ. ಸ್ವಂತ ಮಗಳು ಗಂಗಾಂಬಿಕೆ ಮದುವೆಯಾದ ಹೊಸತರಲ್ಲಿ ಮುನಿಸಿಕೊಂಡು ಬಂದಾಗಲೂ ಅಷ್ಟೇ. ಅವಳ ಬ್ಯಾಗನ್ನು ತಾನೇ ಹೊತ್ತು, ಸಂಜೆಯೊಳಗೆ ಗುಬ್ಬಿಗೆ ಬಿಟ್ಟು ಬಂದಿದ್ದ. ಆಮೇಲೆ ಅವಳಿಂದ ಒಂದು ದೂರೂ ಬರಲಿಲ್ಲ. ಅಂಥವನ ಹೆಂಡತಿಯೇ ವಕೀಲರ ಆಫೀಸಿನ ಮೆಟ್ಟಿಲು ಹತ್ತಿದರೆ ಜನ ನಗದೆ ಬಿಡುತ್ತಾರೆಯೇ?

ನಿನ್ನೆ ಊಟಕ್ಕೆ ಕೂತಾಗ ತಡೆಯಲಾರದೆ, ನಿನಗೇನು ಕಡಿಮೆ ಮಾಡಿದ್ದೇನೆ ಎಂದು ಕೇಳಿಯೇಬಿಟ್ಟಿದ್ದ. ನೇತ್ರಾವತಿ ಸಾರು ಬಡಿಸುತ್ತಿದ್ದ ಕೈ ನಿಲ್ಲಿಸಿದಳು.

"ಹೊಂದ್ಕೊಂಡು ಹೋಗಿ ಅಂತ ಎಷ್ಟ್ ಜನಕ್ಕೆ ಹೇಳಿದೀರಿ ನೀವು. ಆಮೇಲೆ ಹೆಂಗಿದೀಯಾ ಅಂತ ಒಬ್ರನ್ನಾದ್ರೂ ಕೇಳಿದೀರಾ?"

ಆ ಮಾತು ಅವನನ್ನು ನಿದ್ದೆ ಮಾಡಲು ಬಿಟ್ಟಿರಲಿಲ್ಲ. ಬೆಳಗಾದ ಮೇಲೆ ಮಗಳಿಗೆ ಹೇಳಿಕೊಳ್ಳೋಣವೆಂದು ಫೋನ್ ಮಾಡಿದರೆ ಎತ್ತಿದವನು ಅಳಿಯ. ಗಂಗಾ ಮಲಗಿದ್ದಾಳೆ, ತಾಯಿಯ ಸುದ್ದಿ ಕೇಳಿದರೆ ನೊಂದುಕೊಳ್ಳುತ್ತಾಳೆ, ಸದ್ಯಕ್ಕೆ ನಮ್ಮಿಬ್ಬರಲ್ಲೇ ಇರಲಿ ಎಂದ. ಅತ್ತೆ ಊಟ ತೆಗೆದುಕೊಂಡು ಹೋಗುವುದು ಎಲ್ಲಿಗೆ ಎಂದು ಎರಡೆರಡು ಸಲ ಕೇಳಿದ. ಗೊತ್ತಿಲ್ಲ ಎಂದಾಗ, ಹಿಂದೆಯೇ ಹೋಗಿ ನೋಡಿಬಿಡೋಣ ಮಾವ ಎಂದ.

ಬಸ್ಸಿನ ಬೆನ್ನು ಹತ್ತಿ ಬರುತ್ತ ಬರುತ್ತ ಏಕಾಂತಯ್ಯನ ಸಿಟ್ಟು ಇಳಿದು ಭಯ ಉಳಿಯಿತು. ಸಂಜೆ ಅಂಗಡಿ ಮುಚ್ಚಿ ಹೋದರೆ ಮನೆಯಲ್ಲಿ ಅವಳಿರುವುದಿಲ್ಲ. ಹೆಂಗಿದೀಯಾ ಎಂದು ಅವಳನ್ನೂ ತಾನು ಕೇಳಿದ ನೆನಪಿರಲಿಲ್ಲ. ಜಗಳವಾಡಬಾರದು, ತಪ್ಪಾಯಿತು ಎನ್ನಬೇಕು ಎಂದು ತೀರ್ಮಾನಿಸಿದ. ಆ ಮಾತನ್ನು ಅವನು ಎಷ್ಟೋ ಗಂಡಂದಿರ ಬಾಯಲ್ಲಿ ಆಡಿಸಿದ್ದ. ತಾನು ಆಡಿರಲಿಲ್ಲ.

ಕುಣಿಗಲ್ಲಿನಲ್ಲಿ ನೇತ್ರಾವತಿ ಇಳಿದಳು. ಇವರೂ ಕಾರು ನಿಲ್ಲಿಸಿ ದೂರದಿಂದ ನಡೆದು ಹಿಂಬಾಲಿಸಿದರು. ಅವಳು ಬಸ್ ಸ್ಟ್ಯಾಂಡಿನ ಹಿಂದಿನ ಓಣಿ ಹಿಡಿದು, ಎರಡು ಸಲ ಹಿಂತಿರುಗಿ ನೋಡಿ, ಕೊನೆಯ ಶೀಟಿನ ಮನೆಯೊಳಕ್ಕೆ ಹೋದಳು. ಬಾಗಿಲು ಮುಚ್ಚಿಕೊಂಡಿತು. ಹೊರಗೆ ಹಗ್ಗದ ಮೇಲೆ ಒಂದು ಚೂಡಿದಾರ್ ಒಣಗುತ್ತಿತ್ತು. ಗಂಡಸಿನ ಬಟ್ಟೆ ಒಂದೂ ಇರಲಿಲ್ಲ. ಏಕಾಂತಯ್ಯನಿಗೆ ಹೋದ ಜೀವ ಬಂದಂತಾಯಿತು.

"ನೀವೇ ಕರೀರಿ ಮಾವ," ಎಂದ ರವಿಕಿರಣ್, ಮೆಲ್ಲಗೆ. "ನಾನಿರೋದು ಹೇಳ್ಬೇಡಿ. ಅಳಿಯನ ಮುಂದೆ ಅತ್ತೆಗೆ ಮುಜುಗರ ಆಗುತ್ತೆ." ಹಾಗೆಂದು ಗೋಡೆಗೆ ಒರಗಿ ಮರೆಯಲ್ಲಿ ನಿಂತ.

ಎಷ್ಟು ಸೂಕ್ಷ್ಮ ಈ ಹುಡುಗ ಎನಿಸಿತು ಏಕಾಂತಯ್ಯನಿಗೆ. ಬಾಗಿಲು ತಟ್ಟಿದ.

"ನೇತ್ರಾ, ನಾನು ಕಣೇ. ಒಬ್ನೇ ಬಂದಿದೀನಿ. ನಂದೇ ತಪ್ಪು. ಬಾಗ್ಲು ತೆಗಿ."

ಒಳಗೆ ಗುಸುಗುಸು ಕೇಳಿಸಿ ನಿಂತಿತು. ಅವನು ಇನ್ನೊಮ್ಮೆ, ತಪ್ಪಾಯ್ತು ಕಣೇ ಎಂದ.

ಬಾಗಿಲು ತೆರೆಯಿತು. ನೇತ್ರಾವತಿಯ ಕಣ್ಣು ತುಂಬಿತ್ತು. ಅವಳು ಅವನ ಕೈ ಹಿಡಿದುಕೊಂಡಳು.

"ಈಗ್ಲಾದ್ರೂ ಗೊತ್ತಾಯ್ತಲ್ಲ ನಿಮ್ಗೆ. ಬನ್ನಿ, ಅವಳನ್ನ ನೋಡಿ."

ಒಳಗೆ ಚಾಪೆಯ ಮೇಲೆ ಗಂಗಾಂಬಿಕೆ ಗೋಡೆಗೆ ಒರಗಿ ಕೂತಿದ್ದಳು. ಬಲಗೈಗೆ ಪ್ಲಾಸ್ಟರು. ಒಂದು ಕಣ್ಣು ಊದಿ ಮುಚ್ಚಿಹೋಗಿತ್ತು. ಇನ್ನೊಂದು ಕಣ್ಣು ಅಪ್ಪನನ್ನು ನೋಡಲಿಲ್ಲ, ಅವನ ಹೆಗಲಾಚೆ ನೋಡಿತು.

ಮರೆಯಿಂದ ಬಂದ ರವಿಕಿರಣ್ ಮಾವನನ್ನು ಹೊಸಿಲಿನಿಂದ ಹೊರಕ್ಕೆ ಎಳೆದು, ತಾನು ಒಳಗೆ ಹೋಗಿ ಚಿಲಕ ಹಾಕಿಕೊಂಡ.