ಐದು ಕೆಂಪು ಚುಕ್ಕಿ

"ಬೆರಳಿಟ್ಟು ತಿರುವ್ರಿ ಯಜಮಾನ್ರ, ಅದೇನ ಒಡಿಯೂದಿಲ್ಲ," ಎಂದಳು ಶೈಲಶ್ರೀ.

ಮೈಲಾರಪ್ಪ ಹಿಡಿದಿದ್ದ ಟ್ಯಾಬ್ಲೆಟ್ಟಿನ ಕಪ್ಪು ಪರದೆಯೊಳಗೆ ಅವನ ವಂಶವೆಲ್ಲ ಜೇಡರಬಲೆಯಂತೆ ತೇಲುತ್ತಿತ್ತು. ಒಬ್ಬೊಬ್ಬರಿಗೆ ಒಂದು ಚುಕ್ಕಿ, ಹಿರಿಯರಿಗೆ ದೊಡ್ಡದು, ಮಕ್ಕಳಿಗೆ ಸಣ್ಣದು, ಸಂಬಂಧಕ್ಕೊಂದು ಗೆರೆ. ಹಾನಗಲ್ಲ ಸುತ್ತಿನ ಊರುಗಳಲ್ಲಿ ಕಾಲಿನ ಬಲ ಹೋಗುವ ರೋಗದ ಮನೆತನಗಳನ್ನು ಬರೆದುಕೊಳ್ಳುವುದು ಶೈಲಶ್ರೀಯ ಕೆಲಸ. ಇವತ್ತು ಅವಳನ್ನು ಅಕ್ಕಿಆಲೂರಿಗೆ ಕರೆಸಿದವಳು ಮೈಲಾರಪ್ಪನ ಹೆಂಡತಿ ಗುತ್ತೆವ್ವ. ಸೋಮವಾರ ಮಗಳು ವಿದ್ಯಾಳ ನಿಶ್ಚಯ. ವರ ಗುತ್ತೆವ್ವನ ಸ್ವಂತ ತಮ್ಮ ಕೊಟ್ರೇಶ.

ಬೆರಳು ತಾಕಿದ್ದೇ ತಡ, ಬಲೆ ಗಿರ್ರನೆ ತಿರುಗಿತು. ಮೈಲಾರಪ್ಪ ಕೈ ಎಳೆದುಕೊಂಡ. "ಇದೇನವಾ, ಗಿರಣಿಗತೆ!"

"ಮೆಲ್ಲಕ ತಿರುವ್ರಿ. ದಾರಿ ತಪ್ಪಿದ್ರ ಇಲ್ಲಿ ಒತ್ರಿ, ಸೀದಾ ನಿಮ್ಮ ಚುಕ್ಕಿಗೆ ಬರ್ತೀರಿ. ಈಗ ಕೆಂಪು ಚುಕ್ಕಿ ಎಣಸ್ರಿ."

ಅವನು ತುಟಿ ಅಲುಗಿಸುತ್ತ ಎಣಿಸಿದ. "ಐದು."

"ಕಾಲು ಹೋಗಿ ತೀರಿದ ಮಕ್ಕಳ್ರಿ. ಒಂದೊಂದರ ಗೆರಿ ಹಿಡಕೊಂಡು ಮ್ಯಾಲ ಹೋಗ್ರಿ. ಐದೂ ಮನಿಯಾಗ ಸೋದರಮಾವನ್ನ ಮಾಡಿಕೊಂಡಾರ. ನಿಮ್ಮ ಮನೀನೂ ಹಿಡದು."

ಬಾಗಿಲ ಚೌಕಟ್ಟಿಗೆ ಒರಗಿದ್ದ ಗುತ್ತೆವ್ವ ಹತ್ತಿರ ಬಂದು ಒಂದು ಚುಕ್ಕಿಯ ಮೇಲೆ ಬೆರಳಿಟ್ಟಳು. "ಇದು ನಮ್ಮ ಯಶೋಧರಾ."

ಮೈಲಾರಪ್ಪ ಆ ಕಡೆ ನೋಡಲಿಲ್ಲ. "ವಿದ್ಯಾನ್ನ ಹೊರಗ ಕೊಟ್ರ ಮಂದಿ ಸುಮ್ನಿರ್ತಾರೇನು? ಸ್ವಂತ ಮಾವನೇ ಒಲ್ಲೆ ಅಂದಾನಂದ್ರ ಹುಡುಗ್ಯಾಗ ಏನೋ ಐಬೈತಿ ಅಂತಾರ."

"ಅನ್ಲಿ! ಹನ್ನೊಂದು ವರ್ಷದ ಕೂಸನ್ನ ಹೊತ್ತು ಬಚ್ಚಲಕ್ಕ ಒಯ್ದಾಕಿ ನಾನು. ಅದನ್ನ ನನ್ನ ಮಗಳೂ ಮಾಡ್ಬೇಕೇನು?"

ಮೈಲಾರಪ್ಪನ ಬೆರಳಿಗೆ ಈಗ ರೂಢಿಯಾಗಿತ್ತು. ಎಡಕ್ಕೆ ತಿರುವಿದ, ಬಲಕ್ಕೆ ತಿರುವಿದ, ಕೆಳಗಿನಿಂದ ಮೇಲಕ್ಕೆ ಎತ್ತಿದ. ಇಷ್ಟು ಬೇಗ ಕಲಿತವರನ್ನು ಶೈಲಶ್ರೀ ಯಾವ ಊರಲ್ಲೂ ಕಂಡಿರಲಿಲ್ಲ. ಗಂಡ ಗೆರೆ ಹಿಡಿದು ನೋಡುತ್ತಿದ್ದಾನೆಂದುಕೊಂಡ ಗುತ್ತೆವ್ವ ಪರದೆಯತ್ತ ಬಗ್ಗಿದಳು.

ಒಂದು ಕಡೆ ಅವನ ಬೆರಳು ನಿಂತಿತು. ಹಿರಿಯರ ದೊಡ್ಡ ಚುಕ್ಕಿಗಳೆಲ್ಲ ಮುಂದೆ ಬಂದು ಸಾಲಾಗಿದ್ದವು. ಅವುಗಳ ಬೆನ್ನ ಹಿಂದೆ ಮಕ್ಕಳ ಐದೂ ಕೆಂಪು ಚುಕ್ಕಿಗಳು ಮರೆಯಾಗಿದ್ದವು.

"ಇಲ್ಲಿಂದ ನೋಡ್ರಿ, ಒಂದೂ ಕೆಂಪಿಲ್ಲ," ಎಂದ ಮೈಲಾರಪ್ಪ, ಟ್ಯಾಬ್ಲೆಟ್ಟನ್ನು ಅಲುಗದಂತೆ ಎರಡೂ ಕೈಯಲ್ಲಿ ಹಿಡಿದುಕೊಂಡು. "ಇದನ್ನ ಹಿಂಗ ಫೋಟೋ ತಗದು ಕೊಡ್ರಿ ಮೇಡಂ. ಸೋಮವಾರ ಎಲ್ಲಾರಿಗೂ ತೋರಸ್ತೇನಿ."